ಹೊರಟವನನ್ನು ಕೇಳಬಾರದು

ನನ್ನ ಬೆನ್ನು ಬಾಲ್ಕನಿಯ ಕಂಬಿಗೆ ಒತ್ತಿತ್ತು. ಏಳು ಮಹಡಿ ಕೆಳಗೆ ಅಲ್ ಸದ್ದ್‌ನ ರಸ್ತೆ!

ಕರ್ನಲ್‌ನ ಮುದಿ ಕೈ ನನ್ನ ಕತ್ತು ಹಿಡಿದಿತ್ತು. ಮುದಿ ಅಂದೆನಲ್ಲ... ಹಿಡಿತ ಮಾತ್ರ ಏಡಿಯದು.

"ಯಾರು ಕಳಿಸಿದ್ದು ನಿನ್ನ?"

"ಅಡುಗೆಯವನ ಹೆಂಡತಿ! ಸೃಜನ್ ಎಲ್ಲಿ?"

ದೋಹಾದಲ್ಲಿ ನನ್ನನ್ನು ಯಜ್ಞೇಶಣ್ಣ ಅನ್ನುತ್ತಾರೆ. ಊರಿನವರ ಸಿಕ್ಕು ಬಿಡಿಸುವುದೇ ನನ್ನ ಧಂದೆ. ಬೆಳಿಗ್ಗೆ ಅಲ್ ವುಕೈರ್‌ನಿಂದ ಅಮಿತಾ ಅಳುತ್ತ ಫೋನ್ ಮಾಡಿದ್ದಳು. ಹೋಟೆಲು ಮುಚ್ಚಿ ಕೆಲಸ ಹೋಗಿದ್ದ ಅವಳ ಗಂಡ ಸೃಜನ್, ಹೊಸ ಕೆಲಸ ಸಿಕ್ಕಿತೆಂದು ಬ್ಯಾಗ್ ಹಿಡಿದು ಹೊರಟಿದ್ದ. ಮೊದಲೇ ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ಏನನ್ನೂ ಬಾಯಿ ಬಿಟ್ಟಿರಲಿಲ್ಲ.

ಅವನು ಹೋದ ಮೇಲೆ ಗೆಳೆಯ ತುಕ್ರನ ವಾಯ್ಸ್ ಮೆಸೇಜ್ ಬಂತು. ತುಕ್ರ ಹೋದ ತಿಂಗಳು ಅಡುಗೆ ಕೆಲಸವೆಂದು ಏಜೆಂಟ್ ಇಮ್ತಿಯಾಝ್‌ನ ಮೂಲಕ ಹೋದವನು; ಸೃಜನ್‌ನನ್ನು ಕಳಿಸುತ್ತಿದ್ದವನೂ ಅವನೇ.

"ಇಲ್ಲಿ ಅಡುಗೆ ಇಲ್ಲ ಅಕ್ಕ! ಬಂದೂಕು ಕೊಟ್ಟು ಮುಂದೆ ನೂಕ್ತಾರೆ. ಸೃಜನ್‌ನನ್ನು ಕಳಿಸ್ಬೇಡಿ!"

"ಅವ ಹೊರಡುವಾಗ ನೀನು ಕೇಳ್ಲಿಲ್ವಾ?" ಎಂದೆ ಅಮಿತಾಳಿಗೆ.

"ಹೊರಟವರನ್ನು ಎಲ್ಲಿಗೆ ಅಂತ ಕೇಳ್ಬಾರ್ದಲ್ಲ ಅಣ್ಣ..."

ಬಿಲ್ಡಿಂಗ್‌ನಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲ ನಮ್ಮ ಕಡೆಯವರೇ! ಶಾಸ್ತ್ರ ಬಿಡಲಿಲ್ಲ, ಹುಡುಗನನ್ನು ಬಿಟ್ಟರು.

ಇಮ್ತಿಯಾಝ್‌ನ ಜಾಡು ಹಿಡಿದು ಅವನ ಬಾಸ್ ಈ ಕರ್ನಲ್‌ನ ಫ್ಲಾಟಿಗೆ ಬಂದಿದ್ದೆ. ಒಂದು ಕಾಲದಲ್ಲಿ ಅರ್ಧ ಜಗತ್ತನ್ನು ನಡುಗಿಸಿದ ದೇಶದವನು. ಹೆಸರು ಬೇಡ ಬಿಡಿ, ನಿಮಗೆ ಗೊತ್ತಾಗುತ್ತದೆ.

"ಅಷ್ಟು ದೊಡ್ಡ ಸೈನ್ಯಕ್ಕೆ ನಮ್ಮ ಅಡುಗೆಯವ ಯಾಕೆ?"

ಅವನು ನಕ್ಕ.

"ಯಾವ ಸೈನ್ಯ? ದೇಶ ಒಡೀತು. ಖಜಾನೆ ಬರಿದಾಯ್ತು. ಜನರಲ್‌ಗಳು ಡೀಸೆಲ್ ಮಾರಿದ್ರು, ಬೂಟು ಮಾರಿದ್ರು! ಟ್ಯಾಂಕಿಗೆ ಪೇಂಟ್ ಹೊಡೆದು ಪರೇಡ್ ಮಾಡ್ತಾರೆ. ನನ್ನ ಮಗನಿಗೆ ಕೊಟ್ಟದ್ದು ತುಕ್ಕು ಹಿಡಿದ ರೈಫಲ್."

"ವಾಪಸ್ ಬಂದನಾ?"

"ಮಾಫಿ... ಇಲ್ಲ."

ಹಿಡಿತ ಸಡಿಲವಾಯಿತು.

"ಮೊಮ್ಮಗ ಒಬ್ಬ ಉಳಿದಿದ್ದಾನೆ. ನಾನು ಹೊರಗಿನವರನ್ನು ಕಳಿಸ್ತಾ ಇರೋ ತನಕ ಅವನನ್ನು ಸೈನ್ಯಕ್ಕೆ ಕರೆಯಲ್ಲ ಅವರು."

ಅವನಿಗೊಂದು ಬಾರಿಸಬೇಕೆನಿಸಿತು. ಬಾರಿಸಿದೆ! ಆದರೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಅವನು ತುಟಿಯ ರಕ್ತ ಒರೆಸಿಕೊಂಡು ಗೋಡೆ ಗಡಿಯಾರ ನೋಡಿದ.

"ಖಲಾಸ್. ನಿನ್ನ ಅಡುಗೆಯವನ ವಿಮಾನಕ್ಕೆ ಈಗ ಬೋರ್ಡಿಂಗ್ ನಡೀತಿರುತ್ತೆ."

ಮೆಟ್ಟಿಲು ಹಾರಿಕೊಂಡು ಇಳಿದೆ. ಕೆಳಗೆ ಇಮ್ತಿಯಾಝ್ ಲ್ಯಾಂಡ್ ಕ್ರೂಸರ್‌ನಲ್ಲಿ ಕಾಯುತ್ತಿದ್ದ!

ಅಲ್ ಥುಮಾಮಾದವರೆಗೆ ಬೆನ್ನಿಗೆ ಬಿದ್ದ. ಸಿಗ್ನಲ್ ಹತ್ತಿರ ಪಕ್ಕಕ್ಕೆ ಬಂದು ಗುದ್ದಿದ. ಧಡ್! ನನ್ನ ಕಾರು ಕಂಬಕ್ಕೆ ಬಡಿಯಿತು. ಬಾನೆಟ್‌ನಿಂದ ಹಬೆ... ದೂರದಲ್ಲಿ ಪೊಲೀಸ್ ಸೈರನ್. ಅವನು ಪರಾರಿ! ನಾನು ಹಬೆ ಕಾರುವ ಕಾರನ್ನೇ ಓಡಿಸಿದೆ. ಏರ್‌ಪೋರ್ಟ್ ಬಾಗಿಲ ಮುಂದೆ ಎಂಜಿನ್ ಸತ್ತಿತು.

ಬೆಳಗಿನಿಂದ ಆಫ್ ಇದ್ದ ಸೃಜನ್‌ನ ಫೋನಿಗೆ ಮತ್ತೊಮ್ಮೆ ಡಯಲ್ ಮಾಡಿದೆ.

ರಿಂಗಾಯಿತು!

"ಯಜ್ಞೇಶಣ್ಣ! ಪ್ಲೇನಲ್ಲಿದ್ದೇನೆ. ಅಮಿತಾಗೆ ಈಗ ಫೋನ್ ಮಾಡುವ ಅಂತ ಆನ್ ಮಾಡಿದ್ದಷ್ಟೆ."

"ಇಳಿ! ವಾಪಸ್ ಬಾ, ಸೃಜನ್!"

"ಎಂತ ಮಾರಾಯ್ರೆ ನೀವು... ಹೊರಟವನನ್ನು ಹಿಂದಿನಿಂದ ಕರೀತಾರಾ? ಒಳ್ಳೆ ಕೆಲಸ ಉಂಟು. ಕುಚ್ಚಲಕ್ಕಿ, ಬೆಲ್ಲ ಎಲ್ಲ ತಗೊಂಡಿದ್ದೇನೆ, ತುಕ್ರನಿಗೂ ಸೇರಿಸಿ..."

"ತುಕ್ರನ ಕೈಯಲ್ಲಿ ಬಂದೂಕು ಉಂಟು! ಅದು ಯುದ್ಧ!"

ಆಗಲೇ ಲೈನ್ ಕಟ್ಟಾಗಿತ್ತು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಮತ್ತೆ ಡಯಲ್ ಮಾಡಿದೆ. ಸ್ವಿಚ್ಡ್ ಆಫ್.

ಕೌಂಟರಿನ ಹುಡುಗಿಯ ಮುಂದೆ ಕೂಗಾಡಿದೆ. ಅವಳು ಯಾರಿಗೋ ಫೋನ್ ಮಾಡಿದಳು. ವಿಮಾನ ಗೇಟ್ ಬಿಟ್ಟಾಗಿತ್ತು.

ಹೊರಗೆ ಬಂದೆ. ಬಿಸಿಲು ಮುಖಕ್ಕೆ ಹೊಡೆಯಿತು. ಅಮಿತಾಳಿಗೆ ಏನು ಹೇಳುವುದು? ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕುಸಿದು ಕೂತೆ.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಎಲ್ಲಿಗೆ, ಭಾಯ್?"

ಬೆಳಗಿನಿಂದ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ!