ಫ್ರೇಮಿನಿಂದ ಮಾಯವಾದ ರಾಮಕೃಷ್ಣಪ್ಪ

ರಾಮಕೃಷ್ಣಪ್ಪನವರು ಮತ್ತೆ ಕಾಣೆಯಾಗಿದ್ದರು!

ಮತ್ತಿಗಿರಿಯ ಆ ಮನೆಯ ಡಿಜಿಟಲ್ ಫೋಟೊ ಫ್ರೇಮಿನಲ್ಲಿ ಮದುವೆ, ನಾಮಕರಣ, ಮಗು— ಎಲ್ಲ ಒಂದರ ಹಿಂದೊಂದು ಬಂದು ಹೋದವು. ತೀರಿಹೋದ ಯಜಮಾನರ ಫೋಟೊ ಮಾತ್ರ ಇಲ್ಲ. ಗೋಡೆಯ ಮೇಲಿದ್ದ ಅವರ ಹಳೇ ಪಟಕ್ಕೆ ಗೆದ್ದಲು ಹಿಡಿದಿತ್ತೆಂದೇ ಈ ಫ್ರೇಮು ಬಂದದ್ದು. ಮಗ ಯುವರಾಜ್ ಮೊಬೈಲಿನಿಂದ ಮತ್ತೆ ಮತ್ತೆ ಹಾಕುತ್ತಿದ್ದ. ಪ್ರತಿ ಸಲವೂ ಅದೊಂದೇ ಅಳಿಸಿಹೋಗುತ್ತಿತ್ತು.

"ಮಗಿನ ಜತೆ ಸತ್ತೋರ ಫೋಟೊ ಬ್ಯಾಡ ಅಂದೋಳು ಇವ್ಳೇ ತಾನೆ?" ಯಜಮಾನರ ಹೆಂಡತಿ ನಾರಾಯಣಮ್ಮ ಸೊಸೆಯತ್ತ ಕೈ ತೋರಿಸಿದರು.

ದಿವ್ಯ ಚೀಲಕ್ಕೆ ಬಟ್ಟೆ ತುರುಕತೊಡಗಿದಳು. "ಅಂದಿದ್ದೆ, ನಿಜ. ಕೈ ಹಾಕಿಲ್ಲ. ಕಳ್ಳಿ ಅನ್ನಿಸ್ಕೊಂಡು ಇರಾಕಿಲ್ಲ. ಡೆಂಕಣಿಕೋಟೆಗೆ ಅಮ್ಮನ ಮನೆಗೆ ಹೋಗ್ತೀನಿ."

ಯುವರಾಜನ ಅಕ್ಕ ನಾಗವೇಣಿ ಚೀಲಕ್ಕೆ ಕೈ ಅಡ್ಡ ಹಿಡಿದಳು. ರಿಮೋಟಿನದೋ ಟಚ್ಚಿನದೋ ಎಂದು ಅಂಗಡಿಯವನಿಗೆ ಬೇಸರ ಬರುವಷ್ಟು ತೂಗಿ ನೋಡಿ, ಈ ಟಚ್ ಫ್ರೇಮು ಆರಿಸಿ ತಂದವಳು ಅವಳೇ. ಇದರಿಂದಲೇ ತಮ್ಮನ ಸಂಸಾರ ಮುರಿದರೆ? ಇಲ್ಲ, ಬಿಡಕೂಡದು.

"ಇನ್ನೊಂದು ಬಸ್ ಇದೆ. ಕೂತ್ಕೊ," ಎಂದಳು. "ಯುವರಾಜ, ಇದರ ಆ್ಯಪ್ ಯಾರ ಮೊಬೈಲಾಗೈತೆ?"

"ನಂದ್ರಾಗೆ ಮಾತ್ರ ಅಕ್ಕ."

ಹಾಗಾದರೆ ಅಳಿಸಿದವರು ಫ್ರೇಮಿನ ಮುಂದೆಯೇ ನಿಂತಿದ್ದರು.

"ದಿವ್ಯ, ಗಾಜು ಒರೆಸೋಳು ನೀನಾ?"

"ಅದರ ಹತ್ರಾನೂ ಹೋಗಲ್ಲ ಅತ್ತಿಗೆ. ಹೋದ್ರೆ ಅದಕ್ಕೊಂದು ಮಾತು!"

ಟೀವಿಯ ಮೇಲೆ ರಸ್ತೆಯ ಧೂಳು ಕೂತಿತ್ತು. ಪಕ್ಕದ ಫ್ರೇಮು ಮಾತ್ರ ಥಳಥಳ— ಏಕೆ? ನಾಗವೇಣಿ ಅದರ ಕೆಳಗಿನ ಸಂದಿಗೆ ಉಗುರು ಹಾಕಿದಳು. ಹಳದಿ ಪುಡಿ. ಮೂಸಿದಳು. ಗಂಧ!

"ಅಮ್ಮಾ, ಅಪ್ಪನಿಗೆ ಬೊಟ್ಟು ಇಡ್ತಿದ್ದೀಯಾ?"

"ಇಡ್ದೆ ಇರ್ತೀನಾ? ಸ್ನಾನ ಮಾಡ್ಕಂಡು ಅವ್ರು ಬರೋಗಂಟ ಕಾಯ್ತೀನಿ. ಹಣೆಗೆ ಗಂಧ ಒತ್ತಿ, ಮ್ಯಾಲೆ ಕುಂಕುಮ ಇಡ್ತೀನಿ. ಅಷ್ಟ್ರಾಗೆ ಅವ್ರು ಹೋಗ್ಬುಟ್ಟು ಮಗಿನ ಫೋಟೊ ಬಂದಿರ್ತದೆ. ಸತ್ತೋರ್ಗಿಟ್ಟ ಬೊಟ್ಟು ಮಗಿನ ಮೊಕದ ಮ್ಯಾಲೆ! ಗಬಕ್ಕನೆ ಒರಸ್ಬುಡ್ತೀನಿ. ಅದ್ಕೇ ಯಾರ್ಗೂ ಹೇಳ್ನಿಲ್ಲ."

ಯುವರಾಜ್ ಫೋಟೊ ಮತ್ತೆ ಹಾಕಿದ. "ಈಗ ಇಡಮ್ಮ," ಎಂದಳು ನಾಗವೇಣಿ.

ಗಂಧದ ಬೆರಳು ಒತ್ತಿ ನಿಂತಿತು. ಇಂಗ್ಲಿಷ್ ಅಕ್ಷರದ ಒಂದು ಚೌಕ ಮೂಡಿತು. ಅದರ ಮೇಲೆಯೇ ಕುಂಕುಮ ಬಿತ್ತು. ರಾಮಕೃಷ್ಣಪ್ಪ ಮಾಯ!

"ಬೆರಳು ಒತ್ತಿ ಹಿಡಿದ್ರೆ 'ಅಳಿಸಲಾ?' ಅಂತ ಕೇಳ್ತದೆ," ಎಂದಳು ನಾಗವೇಣಿ. " ಕುಂಕುಮ ಬಿದ್ದಿದ್ದು 'ಹೂಂ' ಅನ್ನೋ ಗುಂಡಿ ಮೇಲೆ. ಫ್ರೇಮಲ್ಲಿ ತೀರ್ಕೊಂಡೋರು ಅಪ್ಪ ಒಬ್ರೇ, ಬೊಟ್ಟು ಅವರಿಗೊಬ್ರಿಗೇ— ಅದಕ್ಕೇ ಅದೊಂದೇ ಹೋಗ್ತಿತ್ತು. ಅಳಿಸಿದ್ದು ದಿವ್ಯ ಅಲ್ಲ. ನೀನಮ್ಮ."

ನಾರಾಯಣಮ್ಮ ತಮ್ಮ ಬೆರಳನ್ನೇ ನೋಡಿಕೊಂಡರು. "ಅಯ್ಯೋ, ನಾನೇ ಕಳಿಸ್ಬುಡ್ತಿದ್ನಾ ಅವ್ರನ್ನ?" ಆಮೇಲೆ ಸೊಸೆಯ ಕೈ ಹಿಡಿದರು. "ತಪ್ಪಾಯ್ತು ಕಣವ್ವ. ಹೋಗ್ಬ್ಯಾಡ."

"ಇದನ್ನ ಅಂಗಡಿಗೆ ವಾಪಸ್ ಕೊಟ್ಟು ರಿಮೋಟಿಂದು ತರ್ತೀನಿ," ಎಂದಳು ನಾಗವೇಣಿ.

ದಿವ್ಯ ಕಣ್ಣೊರೆಸಿಕೊಂಡಳು. "ತನ್ನಿ ಅತ್ತಿಗೆ. ಆದ್ರೆ ಮಾವನಿಗೆ ಬೇರೆ, ಗಾಜಿನ ಕಟ್ಟು ಹಾಕ್ಸಿದ ಪಟ ಇರ್ಲಿ. ಅತ್ತೆ ದಿನಾ ಹಂಗೆ ಕಾಯೋದು ಬ್ಯಾಡ."