ಮೂಲೆ ಮೇಜಿನ ಗೆಳತಿ

"ಅಂಗಡಿ ಮುಚ್ಚಿಹೋದ್ರೂ ಪರವಾಗಿಲ್ಲ ಅಮ್ಮಾ. ಅವಳು ಯಾರು, ಅವಳಿಗೆ ನಾನೇನು ಅನ್ಯಾಯ ಮಾಡ್ದೆ, ಅಷ್ಟು ಗೊತ್ತಾಗ್ಬೇಕು."

ಬೀದಿಯ ತಿರುವಿನಲ್ಲಿದ್ದ ಕೆಫೆಯ ಒಡತಿ ನಮ್ಮ ಮನೆಗೆ ಬಂದು ಹೇಳಿದ ಮೊದಲ ಮಾತು ಇದು. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ನಮ್ಮತ್ತೆ ಕನ್ನಡಕ ಏರಿಸಿಕೊಂಡು ಆಕೆಯನ್ನು ಕೂರಿಸಿದರು.

ಅತ್ತೆ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಛತ್ರಿಯ ಹಿಡಿ ನೋಡಿ ಅದರ ಯಜಮಾನ ಎಡಗೈಯವನೋ ಬಲಗೈಯವನೋ ಹೇಳುತ್ತಿದ್ದರಂತೆ. ಬಿಡುವಾದ ಮೇಲೆ ಬೀದಿಯ ಒಗಟುಗಳೆಲ್ಲ ಅವರನ್ನು ಹುಡುಕಿಕೊಂಡು ಬಂದವು. ಜೊತೆಗೆ ಹೋಗುವುದು, ಆಮೇಲೆ ಬರೆದಿಡುವುದು ನನ್ನ ಪಾಲಿನ ಕೆಲಸ. ಅತ್ತೆ ಸೊಸೆ ಒಂದಾದರೆ ಊರಿಗೇ ಅಪಾಯ ಎಂದು ನನ್ನ ಗಂಡ ಗೊಣಗುವುದುಂಟು.

ಒಡತಿಯ ಕತೆ ಹೀಗಿತ್ತು. ಗಂಡ ತೀರಿಕೊಂಡ ಮೇಲೆ ಆಕೆಯೂ, ಮದುವೆಯಾಗದೆ ಉಳಿದ ನಾದಿನಿಯೂ ಸೇರಿ ಅವನ ಕೆಫೆ ನಡೆಸಿಕೊಂಡು ಬಂದಿದ್ದರು. ಒಡತಿ ಕೌಂಟರಿನಲ್ಲಿ ಕಾಫಿ, ನಾದಿನಿ ಒಳಗೆ ಬನ್ನು, ಕೇಕು. ಗಿರಾಕಿಗಳಿರಲಿಲ್ಲ. ಆಗ ಅಂಗಡಿಗಳ ಪರವಾಗಿ ಫೇಸ್‌ಬುಕ್ ನೋಡಿಕೊಳ್ಳುವವನೊಬ್ಬ ಗಂಟುಬಿದ್ದ. ಅವನನ್ನು ಎಲ್ಲರೂ ಪೇಜಿನವನು ಎಂದೇ ಕರೆಯುತ್ತಿದ್ದರು. ಕೇಕಿನ ಫೋಟೋ ನೋಡಿ ಯಾರೂ ಬರುವುದಿಲ್ಲ, ಮಾತಾಡಿಸಿದರೆ ಬರುತ್ತಾರೆ ಎಂಬುದು ಅವನ ಉಪದೇಶ. ಅಂದಿನಿಂದ ಒಡತಿ ದಿನವೂ ಬೆಳಿಗ್ಗೆ ಕೆಫೆಯ ಪೇಜಿನಲ್ಲಿ ಒಂದು ಪ್ರಶ್ನೆ ಹಾಕತೊಡಗಿದಳು. 'ನಿನ್ನೆ ಯಾರ ಮೇಲೆ ಸಿಟ್ಟು ಬಂತು?' 'ಹೇಳದೆ ನುಂಗಿಕೊಂಡ ಮಾತು ಯಾವುದು?' ಬರೆದ ಪ್ರತಿಯೊಬ್ಬರಿಗೂ ತಾನೇ ಉತ್ತರ ಕೊಡುತ್ತಿದ್ದಳು.

ಹಾಗೆ ಬರೆಯುವವರಲ್ಲಿ ಒಬ್ಬಳು 'ಮೂಲೆ ಮೇಜು' ಎಂಬ ಹೆಸರಿನವಳು. ಹೆಣ್ಣೆಂಬುದನ್ನು ಬಿಟ್ಟರೆ ಬೇರೆ ಗುರುತಿಲ್ಲ. 'ಇವತ್ತಿನ ಬನ್ನು ಕಲ್ಲು, ಮಾಡಿದವಳ ಕೈ ಕಡಿಯಬೇಕು' ಎಂದು ಅವಳು ಬರೆದರೆ, 'ಕೈ ಕಡಿದರೆ ನಾಳೆ ಉಪವಾಸ, ಸದ್ಯಕ್ಕೆ ಒಂದು ಬೆರಳು ಸಾಕು' ಎಂದು ಒಡತಿ ಮಾರುತ್ತರ ಕೊಡುವಳು. ಇವರ ಜುಗಲ್ಬಂದಿ ಓದಲೆಂದೇ ಜನ ಸೇರಿದರು. ಓದಿದವರು ಅವಳು ಯಾರಿರಬಹುದೆಂದು ನೋಡಲು ಕೆಫೆಗೆ ಬಂದರು. ಮೂಲೆಯ ಮೇಜಿನಲ್ಲಿ ಕೂತ ಪ್ರತಿ ಹೆಂಗಸನ್ನೂ ಉಳಿದವರು ಕದ್ದು ನೋಡುತ್ತಿದ್ದರು.

ಆಮೇಲೆ ಒಂದು ಮಧ್ಯಾಹ್ನ ಅವಳು ಎಲ್ಲರಿಗೂ ಕಾಣುವಂತೆ ಬರೆದಳು: 'ಇನ್ನು ನಾನು ಅಲ್ಲಿಗೆ ಬರುವುದಿಲ್ಲ. ಆ ಒಡತಿಯ ನಗು ತುಟಿಯಲ್ಲಷ್ಟೇ ಇದೆ. ನಂಬಿದವರಿಗೆ ತಡವಾಗಿ ಗೊತ್ತಾಗುತ್ತದೆ.' ಅಷ್ಟೇ, ಮತ್ತೆ ಸುಳಿವಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂದರು ಜನ. ಹಳಸಿದ ಹಾಲು ಎಂದು ಒಬ್ಬರು, ಯಾರದೋ ಸಂಸಾರ ಒಡೆದವಳು ಎಂದು ಇನ್ನೊಬ್ಬರು. ಬಂದ ಹಾಗೆಯೇ ಗಿರಾಕಿಗಳು ಹೊರಟುಹೋದರು.

"ಎದುರಿನ ಬೇಕರಿಯವನ ಕೈವಾಡ ಅಂತಾನೆ ಪೇಜಿನವನು," ಎಂದಳು ಒಡತಿ. "ಆದ್ರೆ ಅವಳು ದುಡ್ಡಿಗೆ ಬರೆಯೋಳಲ್ಲ. ಪೇಜಿನಲ್ಲಲ್ದೆ, ಯಾರಿಗೂ ಕಾಣದ ಹಾಗೆ ಮೆಸೇಜಿನಲ್ಲಿ ನಾವಿಬ್ರೇ ಬೇರೆ ಮಾತಾಡ್ತಿದ್ವಿ. ನನ್ನವರು ಹೋದ್ಮೇಲೆ ನನ್ನನ್ನ ಹೇಗಿದೀಯ ಅಂತ ಕೇಳಿದೋಳು ಅವಳೊಬ್ಬಳೇ."

ಆ ಗುಟ್ಟಿನ ಮಾತುಗಳನ್ನು ಆಕೆ ತೋರಿಸಲಿಲ್ಲ. ಅತ್ತೆಯೂ ಕೇಳಲಿಲ್ಲ. ಎಲ್ಲರಿಗೂ ಕಾಣುವಂಥವನ್ನು ನನ್ನಿಂದ ಒಂದೊಂದಾಗಿ ಓದಿಸಿದರು. 'ಏಪ್ರನ್ನಿನ ಗಂಟು ಬಿಗಿಯಾಗಿದೆ, ಇವತ್ತು ಯಾರಿಗೋ ಗ್ರಹಚಾರ.' 'ಕೂದಲಿನ ಕ್ಲಿಪ್ಪಿಗೆ ಒಂದು ಹಲ್ಲಿಲ್ಲ, ಹೊಸದು ಕೊಳ್ಳಿ.' 'ಎಡ ಹಿಮ್ಮಡಿ ಚಪ್ಪಲಿಯಿಂದ ಎತ್ತಿಕೊಂಡೇ ನಿಂತಿದ್ದೀರಿ, ನೋವೇ?' ಈ ಮೂರನ್ನು ಮಾತ್ರ ಮತ್ತೊಮ್ಮೆ ಓದಲು ಹೇಳಿದರು.

"ಎಷ್ಟು ಪ್ರೀತಿಯಿಂದ ನೋಡಿದಾಳೆ," ಎಂದೆ ನಾನು.

"ನೋಡಿದಾಳೆ, ಸರಿ ಕಣೇ," ಎಂದರು ಅತ್ತೆ. "ಎಲ್ಲಿಂದ?"

ಮರುದಿನ ಕೆಫೆಗೆ ಹೋದೆವು. ಅತ್ತೆ ಮೂಲೆಯ ಮೇಜಿನಲ್ಲೇ ಕೂತರು. ಎದೆಮಟ್ಟದ ಕೌಂಟರು, ಅದರ ಮೇಲೆ ಕೇಕಿನ ಗಾಜಿನ ಪೆಟ್ಟಿಗೆ. ಆಚೆ ನಮ್ಮತ್ತ ಮುಖ ಮಾಡಿ ಕಾಫಿ ಯಂತ್ರದ ಮುಂದೆ ನಿಂತ ಒಡತಿ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಲೋಟಗಳ ಕಪಾಟು, ನಡುವೆ ಅಡುಗೆಮನೆಯಿಂದ ತಟ್ಟೆ ದಾಟಿಸುವ ಚೌಕಾಕಾರದ ಕಂಡಿ. ಕನ್ನಡಿ ಎಲ್ಲೂ ಇರಲಿಲ್ಲ. 'ನಿಮ್ಮ ಲೋಟ ನೀವೇ ತಂದಿಡಿ' ಎಂಬ ಫಲಕ ಇದ್ದುದರಿಂದ ಆಕೆ ಈಚೆ ಬರುವ ಪ್ರಮೇಯವೇ ಇರಲಿಲ್ಲ.

ನಾದಿನಿ ಕೈಗೆ ಮೆತ್ತಿದ ಹಿಟ್ಟಿನೊಂದಿಗೇ ಬಂದು ನಮ್ಮನ್ನು ಮಾತಾಡಿಸಿದಳು. ಸೊರಗಿದ ಮುಖ. ಹುಷಾರಿಲ್ಲವೇ ಎಂದು ಅತ್ತೆ ವಿಚಾರಿಸಿದರು. ಈಗ ಪರವಾಗಿಲ್ಲ, ಹಿಂದಿನ ತಿಂಗಳು ಜ್ವರದಲ್ಲಿ ಎದ್ದೇಳಲಾಗದೆ ಬಿದ್ದಿದ್ದೆ, ಅತ್ತಿಗೆ ಬರೀ ಕಾಫಿ ಕೊಟ್ಟು ಅಂಗಡಿ ನಡೆಸಿದರು ಎಂದಳು. ಅಲ್ಲೇ ಇದ್ದ ಪೇಜಿನವನು ತನ್ನ ಪುರಾಣ ಬಿಚ್ಚಿದ. ಸುಳ್ಳು ಗಿರಾಕಿಗಳನ್ನು ಸೃಷ್ಟಿಸಿ ಮಾತಿಗೆ ಬಿಡೋಣವೆಂದು ಮೊದಲೇ ಅತ್ತಿಗೆ, ನಾದಿನಿ ಇಬ್ಬರಿಗೂ ಹೇಳಿದ್ದನಂತೆ, ಒಡತಿ ಬೈದು ಬಾಯಿ ಮುಚ್ಚಿಸಿದಳಂತೆ.

ಮನೆ ತಲುಪಿದಾಗ ಅತ್ತೆ ಬಾಗಿಲಲ್ಲಿ ನಿಂತು, "ಹೇಳದೇ ಇದ್ದುಬಿಡ್ಲಾ?" ಎಂದರು. ಅವರು ಹಾಗೆ ಕೇಳಿದ್ದು ಅದೇ ಮೊದಲು. ಗೊತ್ತಾಗದಿದ್ದರೆ ಆ ಹೆಂಗಸು ದಿನವೂ ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಾಳೆ ಎಂದೆ. ಅತ್ತೆ ತಲೆಯಾಡಿಸಿದರು.

ಸಂಜೆ ಕೆಫೆಯ ಬಾಗಿಲ ಫಲಕವನ್ನು 'ಮುಚ್ಚಿದೆ' ಎಂದು ತಿರುಗಿಸಿ, ನಾವು ಐದೂ ಜನ ಮೂಲೆಯ ಮೇಜಿನ ಸುತ್ತ ಕೂತೆವು.

"ಈ ಕುರ್ಚಿಯಲ್ಲಿ ಕೂತವರಿಗೆ ಕಾಣೋದು ನಿನ್ನ ಮುಖ, ಭುಜ, ಅಷ್ಟೇ. ನೀನು ಲೋಟಕ್ಕೆ ತಿರುಗಿದ್ರೂ ಸೊಂಟ, ಹಿಮ್ಮಡಿ ಕೌಂಟರಿನ ಮರೆಗೆ," ಎಂದು ಅತ್ತೆ ಒಡತಿಗೆ ಹೇಳಿದರು. "ಅವಳು ಬರೆದದ್ದರಲ್ಲಿ ನಿನ್ನ ಮುಖ ಒಂದು ಸಲವೂ ಇಲ್ಲ. ಬೆನ್ನಿನ ಗಂಟು, ಹಿಂದಲೆಯ ಕ್ಲಿಪ್ಪು, ಹಿಮ್ಮಡಿ. ನಮ್ಮ ಬೆನ್ನು ನಮಗೆ ಕಾಣಲ್ಲ ನೋಡು, ಅದಕ್ಕೇ ನಿನಗೂ ಹೊಳೀಲಿಲ್ಲ. ಆಕೆ ಈ ಮೇಜಿನಲ್ಲಿ ಕೂತವಳೇ ಅಲ್ಲ."

ಬೀದಿಯಲ್ಲಿ ಹೋಗುವಾಗ ಹಿಂದಿನಿಂದ ನೋಡಿರಬಹುದಲ್ಲ ಎಂದ ಪೇಜಿನವನು.

"ಬೀದಿಯಲ್ಲಿ ಏಪ್ರನ್ ಕಟ್ಕೊಂಡು ಓಡಾಡ್ತಾಳೇನಪ್ಪ?" ಅತ್ತೆ ಮುಂದುವರಿಸಿದರು. ಎಲ್ಲ ಗಿರಾಕಿಗಳೂ ಒಂದಲ್ಲ ಒಂದು ದಿನ ಪೇಜಿನಲ್ಲಿ ಕಾಫಿಯನ್ನು ಬೈದಿದ್ದರು. ಇವಳು ಬೈದದ್ದು ಬನ್ನನ್ನು ಮಾತ್ರ, ಅದೂ ಸಲಿಗೆಯಿಂದ, ತಾನೇ ಮಾಡಿದವಳ ಹಾಗೆ. ಕೆಫೆಯಲ್ಲಿ ಬನ್ನು ಇಲ್ಲದ ಜ್ವರದ ದಿನಗಳಲ್ಲಿ ಮೂಲೆ ಮೇಜೂ ಮೌನವಾಗಿತ್ತು. ಸುಳ್ಳು ಗಿರಾಕಿಯ ಉಪಾಯ ಕೇಳಿದವರು ಇಬ್ಬರು, ಬೇಡವೆಂದವಳು ಒಬ್ಬಳೇ. ಇನ್ನು ಒಡತಿಯ ಬೆನ್ನು ದಿನವಿಡೀ ಕಾಣುವ ಜಾಗ ಈ ಕಟ್ಟಡದಲ್ಲಿ ಒಂದೇ ಒಂದು.

ಎಲ್ಲರೂ ಆ ಕಂಡಿಯತ್ತ ನೋಡಿದೆವು, ನಾದಿನಿಯೊಬ್ಬಳ ಹೊರತು.

"ಮೊದಲು ಗಿರಾಕಿ ಬರ್ಲಿ ಅಂತಷ್ಟೇ ಮಾಡ್ದೆ," ಎಂದಳು ಅವಳು, ಮೇಜನ್ನೇ ನೋಡುತ್ತ. "ಆಮೇಲೆ ನೀವು ಗುಟ್ಟಾಗಿ ಬರೆಯೋಕೆ ಶುರು ಮಾಡಿದ್ರಿ ಅತ್ತಿಗೆ. ನಾನು ನಿಲ್ಲಿಸ್ಬೇಕಿತ್ತು. ಆಗಲಿಲ್ಲ. ಮನೇಲಿ ಉಪ್ಪು ಎಲ್ಲಿದೆ, ಗ್ಯಾಸ್ ಆಫ್ ಮಾಡಿದ್ಯಾ, ಇಷ್ಟು ಬಿಟ್ರೆ ನೀವು ನನ್ನ ಹತ್ರ ಏನು ಮಾತಾಡಿದೀರಿ? ಅಲ್ಲಿ ಮಾತಾಡ್ತಿದ್ರಿ."

"ಎಲ್ಲಾ ಓದಿದ್ಯಾ?" ಒಡತಿ ಕೇಳಿದಳು.

"ನಾದಿನಿ ಇರೋ ಕೋಣೆಗೆ ಹೋದ್ರೆ ಉಸಿರು ಕಟ್ಟುತ್ತೆ ಅಂದ್ರಿ. ಗಂಡ ಹೋಗ್ತಾ ತಂಗೀನ ನನ್ನ ತಲೆಗೆ ಕಟ್ಟಿ ಹೋದ ಅಂದ್ರಿ. ನಾನೇ ನಿಮ್ಗೆ ಸಮಾಧಾನ ಬರ್ದೆ. ಪಾಪ, ಅವಳಿಗೂ ಯಾರಿದ್ದಾರೆ, ಸ್ವಲ್ಪ ಸಹಿಸ್ಕೊಳ್ಳಿ ಅಂತ, ನನ್ನ ಬಗ್ಗೆ ನಾನೇ. ಆ ಮಧ್ಯಾಹ್ನ ನೀವು ಕಂಡಿಯಲ್ಲಿ ತಟ್ಟೆ ತಗೊಳ್ತಾ ನನ್ನ ನೋಡಿ ನಕ್ರಿ. ಅದಕ್ಕೆ ಸ್ವಲ್ಪ ಮುಂಚೆ ಅವಳು ಸತ್ರೆ ಸಾಕು ಅಂತ ಬರ್ದಿದ್ರಿ. ಆ ನಗು ನೋಡಿ ಕೈ ನಿಲ್ಲಲಿಲ್ಲ."

ನಾನು ಅತ್ತೆಯ ಮುಖ ನೋಡಲಾರದೆ ಕೂತಿದ್ದೆ. ಒಂದೇ ಒಲೆಯ ಮುಂದೆ ಬಾಳುವ ಹೆಂಗಸರು ಒಬ್ಬರನ್ನೊಬ್ಬರು ಮನಸ್ಸಿನಲ್ಲಿ ಎಷ್ಟು ಸಲ ಕೊಂದಿರುತ್ತೇವೆಯೋ. ಅದನ್ನು ಯಾರೂ ಓದುವುದಿಲ್ಲ ಎಂಬುದರ ಮೇಲೆಯೇ ಮನೆಗಳು ನಿಂತಿರುತ್ತವೆ.

ಪೇಜಿನವನು ಗಂಟಲು ಸರಿಮಾಡಿಕೊಂಡ. "ಇದನ್ನೇ ಹಾಕೋಣ. ಅತ್ತಿಗೆ, ನಾದಿನಿ ಒಟ್ಟಿಗಿರೋ ಒಂದು ಫೋಟೋ. ನಾಳೆ ನಿಲ್ಲೋಕೂ ಜಾಗ ಇರಲ್ಲ."

"ನೀನು ಎದ್ದು ಹೋಗಪ್ಪ," ಎಂದರು ಅತ್ತೆ. ಅವನು ಹೋದ.

"ಅತ್ತಿಗೆ," ನಾದಿನಿ ಕೈ ಚಾಚಿದಳು. "ಅವಳು ಎಲ್ಲೂ ಹೋಗಿಲ್ಲ. ನಾನೇ ಅಲ್ವಾ ಅವಳು? ನನ್ನ ಹತ್ರಾನೇ ಮಾತಾಡಿ."

ಒಡತಿ ಅವಳನ್ನು ನೋಡಿದಳು. ಸಿಟ್ಟಿರಲಿಲ್ಲ. ಸತ್ತವರ ಬಟ್ಟೆ ತೊಟ್ಟು ಬಂದವರನ್ನು ನೋಡುವಂತಿತ್ತು.

"ಇಲ್ಲ ಕಣೇ," ಎಂದಳು ಮೆಲ್ಲಗೆ. "ನೀನು ಅವಳಲ್ಲ. ನಿನ್ನ ವಿಷಯ ಹೇಳ್ಕೊಳ್ಳೋಕೇ ನನಗೆ ಅವಳು ಬೇಕಾಗಿದ್ದು. ಈಗ ಇದನ್ನ ಯಾರ ಹತ್ರ ಹೇಳ್ಲಿ?"

ದೀಪ ಆರಿಸಿ ಎಲ್ಲರೂ ಹೊರಗೆ ಬಂದೆವು. ಅಂಗಡಿಯ ಷಟರು ಅಗಲವಾದದ್ದು, ಒಬ್ಬರೇ ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಇಬ್ಬರೂ ಎರಡು ತುದಿಯಲ್ಲಿ ನಿಂತು, ಮುಖ ನೋಡಿಕೊಳ್ಳದೆ, ಅದನ್ನು ನೆಲದವರೆಗೆ ಎಳೆದರು. ಬೀಗ ಹಾಕಿದ ಮೇಲೆ ಒಂದೇ ಮನೆಯ ದಾರಿ ಹಿಡಿದು, ಒಬ್ಬಳ ಹಿಂದೆ ಒಬ್ಬಳು ನಡೆದುಹೋದರು.