ಅವರಿಗೆ ಹಾಕಿದ ಎಲೆ

ಹೆಬ್ಬಾಳಕ್ಕೆ ಹೋಗಿ ಬರುತ್ತೇನೆಂದು ಕೋಗಿಲಿನ ಮನೆಯಿಂದ ಹೊರಟ ನನ್ನ ಗಂಡ ಬಾಲರಾಜು ಒಂಬತ್ತು ವರ್ಷವಾದರೂ ಬಂದಿಲ್ಲ. ಪೊಲೀಸರಿಗೂ ಸುಳಿವು ಸಿಗಲಿಲ್ಲ. ಕಾದು ಕಾದು ಸಾಕಾಗಿ, ಈ ಸಲ ಹಿರಿಯರ ಹಬ್ಬದಲ್ಲಿ ಹಣೆಗೆ ಕುಂಕುಮ ಇಟ್ಟುಕೊಂಡೇ, ಸತ್ತ ಮಾವನ ಎಲೆಯ ಪಕ್ಕ ಅವರಿಗೂ ಒಂದು ಎಲೆ ಹಾಕಿ ಎಡೆ ಇಟ್ಟೆ.

"ಬದುಕಿರೋನಿಗೆ ಎಡೆ ಇಕ್ತಾರೇನೇ?" ಎಂದು ಅತ್ತೆ ರೇಗಿದರು.

ಹಿರಿಯರು ಬಂದು ಉಣ್ಣಲೆಂದು, ಪದ್ಧತಿಯಂತೆ ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತೆವು. ಅರ್ಧ ಗಂಟೆ ಬಿಟ್ಟು ತೆರೆದಾಗ ಮಾವನ ಎಡೆ ಇಟ್ಟಂತೆಯೇ ಇತ್ತು. ಪಕ್ಕದ ಎಲೆ ಇರಲಿಲ್ಲ. ಅದಿದ್ದ ಜಾಗವನ್ನು ಯಾರೋ ಒರೆಸಿದ್ದರು. ನೆಲ ಇನ್ನೂ ಒದ್ದೆಯಾಗಿತ್ತು. ಉಂಡ ಎಲೆಯನ್ನು ತಾವೇ ಎತ್ತಿ ನೆಲ ಒರೆಸುವುದು ನನ್ನ ಗಂಡನ ಅಭ್ಯಾಸ.

"ಸತ್ತೋರು ಎಲೆ ಎತ್ತಲ್ಲ ಕಣಮ್ಮ," ಅತ್ತೆ ನಗುತ್ತಾ ಅಂದರು.

ಆ ಕೋಣೆಗೆ ಕಿಟಕಿಯಿಲ್ಲ. ಇರುವ ಒಂದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದವಳು ನಾನು.